ಮೊದಲು ಹಿಂದೆ ಕೂತವರ ಮುಖ ನೋಡಿ

ನಮ್ಮ ಕಡೆ ರಾತ್ರಿ ಹೊತ್ತಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಮನೆಯವರು ಮೊದಲು ಹುಡುಕುವುದು ಬೈಕಿನ ಕೀಯನ್ನು. 108 ಆಂಬುಲೆನ್ಸಿಗೆ ಫೋನು ಮಾಡುವುದಿಲ್ಲ ಅಂತಲ್ಲ, ಮಾಡುತ್ತೇವೆ. ಆ ಗಾಡಿ ಎಷ್ಟು ಜೀವ ಉಳಿಸಿದೆ ಅನ್ನುವುದೂ ಗೊತ್ತು. ಆದರೆ ಅದು ಆಗಲೇ ಇನ್ನೊಂದು ಊರಿನ ಹೆರಿಗೆಗೆ ಹೋಗಿದ್ದರೆ? ಬರುವ ತನಕ ಬಾಗಿಲಲ್ಲಿ ಕಾಯುತ್ತಾ ಕೂರುವುದು ಯಾವ ತಾಯಿಯ ಕೈಲಾಗುತ್ತದೆ? ಹಾಗಾಗಿ ಅಪ್ಪ ಮುಂದೆ, ಅಮ್ಮ ಹಿಂದೆ, ನಡುವೆ ಕಂಬಳಿ ಸುತ್ತಿದ ಮಗು. ನಮ್ಮೂರು ಸಾಸಲಿನಿಂದ ದೊಡ್ಡಬಳ್ಳಾಪುರದ ಸರ್ಕಾರಿ ಆಸ್ಪತ್ರೆಗೆ. ಇಲ್ಲಿ ಆಗಲ್ಲ, ಮುಂದಕ್ಕೆ ಕರ್ಕೊಂಡು ಹೋಗಿ ಅಂದರೆ ಬಾಶೆಟ್ಟಿಹಳ್ಳಿ, ರಾಜಾನುಕುಂಟೆ, ಯಲಹಂಕ ದಾಟಿ ಬೆಂಗಳೂರಿಗೆ. ಈ ಗಡಿಬಿಡಿಯಲ್ಲಿ ಹೆಲ್ಮೆಟ್ಟು ಗೋಡೆಯ ಮೊಳೆಯಲ್ಲೇ ಉಳಿದಿರುತ್ತದೆ. ಡಿಎಲ್ಲು ಪರ್ಸಿನಲ್ಲಿ, ಪರ್ಸು ಬಿಚ್ಚಿಟ್ಟ ಪ್ಯಾಂಟಿನಲ್ಲಿ.

ಮೊನ್ನೆ ಪಕ್ಕದ ಮನೆಯ ಯಜಮಾನರು ಬೇಲಿಯ ಆಚೆ ರಾಗಿ ಹುಲ್ಲು ಸರಿಮಾಡುತ್ತಾ ಇದೇ ಮಾತು ತೆಗೆದರು. "ಅಲ್ಲಾ ಕಣ್ರೀ, ಅಂಥ ಹೊತ್ನಲ್ಲಿ ಟ್ರಾಫಿಕ್‌ನೋರು ಕೈ ಅಡ್ಡ ಹಾಕಿದ್ರೆ ನಿಲ್ಲಿಸ್ಬೇಕೋ, ಸುಮ್ನೆ ಹೋಗ್ತಾ ಇರ್ಬೇಕೋ?" ನಿಲ್ಲಿಸಬೇಕು ಅಂದೆ. ಯಾಕೆ ಅಂದರು. ಯಾಕೆ ಅನ್ನುವುದಕ್ಕೆ ಮಂಡ್ಯದ ಸುದ್ದಿ ಎತ್ತಲೇಬೇಕಾಯಿತು, ಕತ್ತಲಾಗುವ ತನಕ ಮಾತು ಮುಗಿಯಲಿಲ್ಲ.

2025ರ ಮೇ 26. ಮದ್ದೂರು ತಾಲ್ಲೂಕಿನ ದಂಪತಿ, ನಾಯಿ ಕಚ್ಚಿದ ತಮ್ಮ ಪುಟ್ಟ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಹೊರಟಿದ್ದರು. ಮಗುವಿಗೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಮಂಡ್ಯ ಊರೊಳಗೆ, ಸ್ವರ್ಣಸಂದ್ರದ ಹತ್ತಿರ, ಹೆಲ್ಮೆಟ್ ತಪಾಸಣೆಗೆ ನಿಂತಿದ್ದ ಸಂಚಾರ ಪೊಲೀಸರು ಬೈಕನ್ನು ತಡೆಯಲು ಹೋದರು. ಬೈಕಿನ ಆಯ ತಪ್ಪಿತು, ಮಗು ರಸ್ತೆಗೆ ಬಿತ್ತು, ತಲೆಗೆ ಪೆಟ್ಟಾಗಿ ಪ್ರಾಣ ಹೋಯಿತು. ಹೆತ್ತವರು ಮಗಳನ್ನು ಮಡಿಲಲ್ಲಿಟ್ಟುಕೊಂಡು ರಸ್ತೆಯಲ್ಲೇ ಕೂತು ಅತ್ತಿದ್ದನ್ನು ಇಡೀ ರಾಜ್ಯ ಮೊಬೈಲಿನಲ್ಲಿ ನೋಡಿತು. ಜನ ರಸ್ತೆ ತಡೆದರು. ಮೂವರು ಎಎಸ್‌ಐಗಳು ಸಸ್ಪೆಂಡ್ ಆದರು.

ನಾಯಿ ಕಚ್ಚಿದರೆ ಆಸ್ಪತ್ರೆಗೆ ಓಡಬೇಕು ಅನ್ನುವುದನ್ನು ಈಗ ಶಾಲೆಯ ಮಕ್ಕಳೂ ಬಲ್ಲರು. ಆ ಅಪ್ಪ ಅಮ್ಮ ಮಾಡಿದ್ದು ಅದನ್ನೇ. ನಾಯಿ ಕಚ್ಚಿದ ಮಗುವಿಗೆ ಔಷಧಿ ಇತ್ತು, ಡಾಕ್ಟರಿದ್ದರು, ಆಸ್ಪತ್ರೆ ಇನ್ನೇನು ಸಿಗುತ್ತಿತ್ತು. ಬದುಕಬೇಕಾಗಿದ್ದ ಮಗು ಅದು. ಕರ್ನಾಟಕದಲ್ಲಿ ಹೆಲ್ಮೆಟ್ ಇಲ್ಲದಿದ್ದರೆ ದಂಡ 500 ರೂಪಾಯಿ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಸಾವಿರಕ್ಕೆ ಏರಿಸಿತ್ತು, ಜನರ ಕೂಗಾಟ ಕೇಳಿ ನಮ್ಮ ಸರ್ಕಾರ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಐನೂರಕ್ಕೆ ಇಳಿಸಿತು. ಆ ಐನೂರನ್ನು ಅವತ್ತೇ, ಅಲ್ಲೇ, ಓಡುವ ಗಾಡಿಯನ್ನು ಹಿಡಿದೇ ವಸೂಲಿ ಮಾಡಬೇಕಾಗಿತ್ತೇ ಅನ್ನುವುದು ನನ್ನ ಸಂಕಟ.

ಇದಾದ ಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥ ಎಂ.ಎ. ಸಲೀಂ ಅವರ ಕಡೆಯಿಂದ ಸುತ್ತೋಲೆ ಬಂತು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದಿದ್ದರೆ ಬರೀ ದಾಖಲೆ ನೋಡುವುದಕ್ಕೆ ಅಂತ ಗಾಡಿ ನಿಲ್ಲಿಸಬೇಡಿ, ಏಕಾಏಕಿ ರಸ್ತೆಗೆ ಅಡ್ಡ ಬರಬೇಡಿ, ಕೀ ಕಿತ್ತುಕೊಳ್ಳಬೇಡಿ, ತಪ್ಪಿಸಿಕೊಂಡು ಹೋದವರ ಬೆನ್ನು ಹತ್ತಬೇಡಿ, ನಂಬರು ಬರೆದುಕೊಳ್ಳಿ ಎಂದು. ಒಳ್ಳೆಯ ಮಾತುಗಳೇ. ಆದರೆ ನಮ್ಮ ಯಜಮಾನರಿಗೆ ನೆನಪಿನ ಶಕ್ತಿ ಜಾಸ್ತಿ. "ಇದನ್ನ ಮೊದಲೇ ಒಂದ್ಸಲ ಹೇಳಿರ್ಲಿಲ್ವಾ?" ಅಂದರು. ಹೇಳಿದ್ದರು. 2022ರ ಜೂನಿನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಅವರು ಇದನ್ನೇ ಹೇಳಿದ್ದರು: ಬರಿಗಣ್ಣಿಗೆ ಕಾಣುವ ತಪ್ಪಿಲ್ಲದೆ ದಾಖಲೆ ತಪಾಸಣೆಗೆಂದು ಗಾಡಿ ತಡೆಯಬಾರದು, ಕುಡಿದು ಓಡಿಸುವವರ ಮಾತು ಬೇರೆ. ಅದಕ್ಕೂ ಮುಂಚೆ, 2021ರ ಮಾರ್ಚಿನಲ್ಲಿ, ಮೈಸೂರಿನ ಹಿನಕಲ್ ಹತ್ತಿರ ರಿಂಗ್ ರೋಡಿನಲ್ಲಿ ತಪಾಸಣೆ ನಡೆಯುತ್ತಿದ್ದಾಗ ಒಬ್ಬ ಬೈಕ್ ಸವಾರ ಸತ್ತು, ರೊಚ್ಚಿಗೆದ್ದ ಜನ ಪೊಲೀಸರನ್ನೇ ಹೊಡೆದಿದ್ದರು. ಅಲ್ಲಿ ಸತ್ತವನಿಗೂ ಹೆತ್ತವರಿದ್ದರು, ಹೊಡೆತ ತಿಂದವರಿಗೂ ಹೆಂಡತಿ ಮಕ್ಕಳಿದ್ದರು. ಅಂದರೆ ಮೇಲಿನವರಿಗೆ ವಿಷಯ ಗೊತ್ತಿಲ್ಲದೆ ಹೋದದ್ದಲ್ಲ. ಬೆಂಗಳೂರಿನಲ್ಲಿ ಟೈಪಾದ ಕಾಗದ, ಬಿಸಿಲಲ್ಲಿ ಬ್ಯಾರಿಕೇಡ್ ಹಿಡಿದು ನಿಂತವನ ಕೈ ಕಾಲಿಗೆ ಇಳಿಯಲಿಲ್ಲ.

ಕಾನೂನು ಏನು ಹೇಳುತ್ತದೆ ಅಂತ ಯಜಮಾನರು ಕೇಳಿದರು. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಬೇಕು, ಇದು 1988ರ ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್. 2018ರಿಂದ ಮೊಬೈಲಿನ ಡಿಜಿಲಾಕರ್‌ನಲ್ಲಿರುವ ಪ್ರತಿ ತೋರಿಸಿದರೂ ಆಗುತ್ತದೆ. ಹೆಲ್ಮೆಟ್ ಹಾಕಲೇಬೇಕು, ಇದು 129. ಸ್ಥಳದಲ್ಲೇ ದಂಡ ಕಟ್ಟಿಸಿಕೊಂಡು ಕೇಸು ಮುಗಿಸುವ ಅಧಿಕಾರ 200ನೇ ಸೆಕ್ಷನ್ನಿನದು. ಹಾಗೆ ಮುಗಿಸಬಹುದು ಅಂತ ಇದೆಯೇ ಹೊರತು, ಸಿಕ್ಕವರನ್ನೆಲ್ಲ ಅಲ್ಲೇ ನಿಲ್ಲಿಸಿಕೊಂಡು ಮುಗಿಸಲೇಬೇಕು ಅಂತ ಇಲ್ಲ. ಆ ಸಡಿಲವನ್ನು ಕಾನೂನು ಬೇಕೆಂದೇ ಬಿಟ್ಟಿದೆ. ಅದರ ಹೆಸರೇ ವಿವೇಚನೆ. ಪೊಲೀಸರ ಕೈಯಲ್ಲಿರುವ ಲಾಠಿಗಿಂತ, ರಸೀದಿ ಪುಸ್ತಕಕ್ಕಿಂತ ದೊಡ್ಡ ಅಧಿಕಾರ ಇದು ಅನ್ನುತ್ತೇನೆ ನಾನು.

ಇನ್ನೂ ಒಂದಿದೆ. ದೊಡ್ಡ ಅನಾಹುತ ತಪ್ಪಿಸುವುದಕ್ಕೆ, ಕೆಟ್ಟ ಉದ್ದೇಶವಿಲ್ಲದೆ, ಚಿಕ್ಕ ಹಾನಿಯಾಗಬಹುದಾದ ಕೆಲಸ ಮಾಡಿದರೆ ಅದು ಅಪರಾಧವಲ್ಲ ಅಂತ 1860ರ ದಂಡ ಸಂಹಿತೆಯ 81ನೇ ಸೆಕ್ಷನ್ ಹೇಳುತ್ತಿತ್ತು. ಹಡಗಿನ ಕಪ್ತಾನನ ಉದಾಹರಣೆ ಕೊಟ್ಟು ಹೇಳಿದ್ದರು: ಎದುರಿಗೆ ಇಪ್ಪತ್ತು ಮೂವತ್ತು ಜನರಿರುವ ದೋಣಿ, ಹಡಗು ನಿಲ್ಲಿಸಲು ಆಗದು, ತಿರುಗಿಸಿದರೆ ಇಬ್ಬರಿರುವ ಇನ್ನೊಂದು ದೋಣಿಗೆ ತಾಗುವ ಭಯ. ಮೊದಲನೆಯ ದೋಣಿ ಉಳಿಸಲೆಂದೇ ತಿರುಗಿಸಿದರೆ ಕಪ್ತಾನ ತಪ್ಪಿತಸ್ಥನಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದೇ ಮಾತು 19ನೇ ಸೆಕ್ಷನ್ನಾಗಿ ಉಳಿದಿದೆ. ಆದರೆ ಇದು ಕೋರ್ಟಿನಲ್ಲಿ ಹೇಳಿಕೊಳ್ಳುವ ಮಾತು. ಹಾಲು ಹಾಕಿ ಬದುಕುವ ಮನುಷ್ಯ ಐನೂರು ರೂಪಾಯಿಗೆ ವಕೀಲರನ್ನು ಹಿಡಿದು ದೊಡ್ಡಬಳ್ಳಾಪುರದ ಕೋರ್ಟಿಗೆ ಅಲೆಯುತ್ತಾನೆಯೇ? ಅವನ ಪಾಲಿಗೆ ರಸ್ತೆಯಲ್ಲಿ ಕೈ ಅಡ್ಡ ಹಾಕಿದವರೇ ಪೊಲೀಸು, ಅವರೇ ಜಡ್ಜು. ಹಾಗಾಗಿ ಆ ಕ್ಷಣದಲ್ಲಿ ಅವರ ಬಾಯಿಂದ ಮೊದಲು ಬರುವ ಮಾತು ಯಾವುದು ಅನ್ನುವುದರ ಮೇಲೆ ಎಲ್ಲ ನಿಂತಿದೆ. "ಡಿಎಲ್ ತೋರ್ಸು" ಅನ್ನುತ್ತಾರೋ, "ಎಲ್ಲಿಗಪ್ಪಾ ಹೊರಟಿದ್ದೀಯ" ಅನ್ನುತ್ತಾರೋ?

ಈ ಎರಡನೆಯ ಮಾತು ಕೇಳುವವರು ಇದ್ದಾರೆ. ಯಜಮಾನರ ಸೊಸೆಯೇ ಅದಕ್ಕೆ ಸಾಕ್ಷಿ. ಮೊಮ್ಮಗನಿಗೆ ಉಬ್ಬಸ. ಚಳಿಗಾಲದ ಒಂದು ರಾತ್ರಿ ಮಗುವಿನ ಪಕ್ಕೆಗಳು ಒಳಕ್ಕೆ ಎಳೆಯತೊಡಗಿದವು, ಪಂಪು ಒತ್ತಿದರೂ ಉಸಿರು ಹತ್ತಲಿಲ್ಲ. ಮಗ ಬೈಕ್ ತೆಗೆದ, ಸೊಸೆ ಮಗುವನ್ನು ನೆಟ್ಟಗೆ ಹಿಡಿದುಕೊಂಡು ಕೂತಳು. ಮಲಗಿಸಿದರೆ ಇನ್ನೂ ಕಷ್ಟವಾಗುತ್ತಿತ್ತು. ದಾರಿಯಲ್ಲಿ ನಾಕಾಬಂದಿ. ಟಾರ್ಚಿನ ಬೆಳಕು ಮೊದಲು ನಂಬರ್ ಪ್ಲೇಟಿಗೆ ಬಿತ್ತಂತೆ, ಆಮೇಲೆ ಮಗನ ಬರಿದಲೆಗೆ, ಆಮೇಲೆ ಮಗುವಿನ ಮುಖಕ್ಕೆ. ಅಲ್ಲೇ ನಿಂತಿತು. ಆ ಮನುಷ್ಯ ಕಾಗದ ಕೇಳಲಿಲ್ಲ. ಬ್ಯಾರಿಕೇಡನ್ನು ತಾನೇ ಪಕ್ಕಕ್ಕೆ ಎಳೆದು, "ಹೆಡ್‌ಲೈಟ್ ಹಾಕ್ಕೊಂಡೇ ಹೋಗಿ, ಜೋರು ಬೇಡ, ಮುಂದೆ ನಮ್ಮೋರಿಗೆ ಹೇಳ್ತೀನಿ" ಅಂದು ವೈರ್‌ಲೆಸ್ ಬಾಯಿಗಿಟ್ಟುಕೊಂಡನಂತೆ. ಮುಂದಿನ ನಾಕಾದಲ್ಲಿ ಬ್ಯಾರಿಕೇಡು ಆಗಲೇ ಸರಿದಿತ್ತು. ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಾಕಿದರು, ಬೆಳಗಿನ ಜಾವಕ್ಕೆ ಮಗು ಹಾಲು ಕೇಳಿತು. ಸೊಸೆ ಇವತ್ತಿಗೂ ಆ ಪೊಲೀಸಪ್ಪನ ಹೆಸರು ಕೇಳಿಕೊಳ್ಳಲಿಲ್ಲವಲ್ಲ ಅಂತ ಪೇಚಾಡುತ್ತಾಳೆ.

ಆ ಮನುಷ್ಯ ನಂಬರು ಬರೆದುಕೊಂಡಿದ್ದರೆ, ಹೆಲ್ಮೆಟ್ ಇಲ್ಲದ್ದಕ್ಕೆ ಆಮೇಲೆ ಮನೆಗೆ ನೋಟಿಸು ಕಳಿಸಿದ್ದರೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಯಜಮಾನರು ಕಟ್ಟುತ್ತಿದ್ದರು. ದಂಡವನ್ನು ನಾಳೆಯೂ ವಸೂಲಿ ಮಾಡಬಹುದು, ಉಬ್ಬಸದ ಮಗುವಿನ ಹತ್ತು ನಿಮಿಷವನ್ನು ನಾಳೆ ಯಾರು ವಾಪಸು ಕೊಡುತ್ತಾರೆ? ನಾನು ಹೇಳಬೇಕೆಂದಿರುವುದು ಇಷ್ಟೇ. ತಪ್ಪು ಮಾಫಿ ಮಾಡಿ ಅನ್ನುತ್ತಿಲ್ಲ. ಗಾಡಿ ಬಿಡಿ, ಕೇಸು ಆಮೇಲೆ ಹಾಕಿ ಅನ್ನುತ್ತಿದ್ದೇನೆ.

ಹಾಗೆ ಬಿಟ್ಟರೆ ಎಲ್ಲರೂ ಆಸ್ಪತ್ರೆ ಅಂತಲೇ ಶುರು ಮಾಡುತ್ತಾರೆ ಅಂದರು ಯಜಮಾನರು. ನಿಜ, ಮಾಡುವವರಿದ್ದಾರೆ. ಅಜ್ಜಿ ಸತ್ತರು ಅಂದವನ ಅಜ್ಜಿ ಮರುವಾರ ಸಂತೆಯಲ್ಲಿ ಸಿಕ್ಕಿದ ಕಥೆಯನ್ನು ಯಾವ ಠಾಣೆಯಲ್ಲಿ ಕೇಳಿದರೂ ಹೇಳುತ್ತಾರೆ. ದಿನಕ್ಕೆ ಎಷ್ಟೋ ಸುಳ್ಳು ಕೇಳಿ ಕೇಳಿ ಒಬ್ಬ ಎಎಸ್‌ಐ ಕಿವಿ ಗಟ್ಟಿ ಮಾಡಿಕೊಂಡರೆ ಅದು ಅವರೊಬ್ಬರ ದೋಷ ಅಲ್ಲ. ಹೊಗೆ ಕುಡಿಯುತ್ತಾ, ನೀರಿಗೂ ಶೌಚಕ್ಕೂ ಜಾಗವಿಲ್ಲದ ಕಡೆ ನಿಲ್ಲುವ ಕೆಲಸ ಅದು. ಇಷ್ಟು ಕೇಸು ಆಗಲೇಬೇಕು ಅನ್ನುವ ಒತ್ತಡ ಮೇಲಿನಿಂದ ಬಂದರಂತೂ ಎದುರು ನಿಂತವನ ಮುಖ ನೋಡುವ ವ್ಯವಧಾನ ಎಲ್ಲಿಂದ ಬರಬೇಕು? ಆದರೆ ಸುಳ್ಳಿಗೆ ಔಷಧಿ ಇದೆ. ನಂಬರು ಬರೆದುಕೊಳ್ಳಿ, ಒಂದು ಫೋಟೊ ತೆಗೆದುಕೊಳ್ಳಿ, ಆಸ್ಪತ್ರೆಯ ಚೀಟಿಯನ್ನು ವಾರದೊಳಗೆ ಠಾಣೆಗೆ ತಂದು ತೋರಿಸು ಅನ್ನಿ. ತಂದರೆ ಸರಿ, ತರದಿದ್ದರೆ ದಂಡ ಹಾಕಿ, ಸುಳ್ಳು ಹೇಳಿದ್ದಕ್ಕೆ ಬೈಯಿರಿ. ನೂರು ಜನ ಸುಳ್ಳುಗಾರರು ಒಂದು ದಿನದ ಮಟ್ಟಿಗೆ ತಪ್ಪಿಸಿಕೊಂಡರೂ ಸರ್ಕಾರಕ್ಕೆ ಆಗುವ ನಷ್ಟ ಐವತ್ತು ಸಾವಿರ. ಒಂದು ನಿಜವನ್ನು ಸುಳ್ಳೆಂದು ತಿಳಿದರೆ ಆಗುವ ನಷ್ಟವನ್ನು ಮಂಡ್ಯ ಕಂಡಿದೆ.

ಇದು ನಮ್ಮಲ್ಲಿ ಮಾತ್ರ ಆಗುವುದಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ 2009ರ ಮಾರ್ಚಿನಲ್ಲಿ ರಯಾನ್ ಮೋಟ್ಸ್ ಎಂಬ ಫುಟ್‌ಬಾಲ್ ಆಟಗಾರ, ಸಾಯುವ ಸ್ಥಿತಿಯಲ್ಲಿದ್ದ ಅತ್ತೆಯನ್ನು ನೋಡಲು ಹೆಂಡತಿಯ ಜೊತೆ ಆಸ್ಪತ್ರೆಗೆ ಧಾವಿಸುತ್ತಾ ಕೆಂಪು ದೀಪ ದಾಟಿದ. ಡಲ್ಲಾಸ್‌ನ ಒಬ್ಬ ಪೊಲೀಸ್ ಅಧಿಕಾರಿ ಹಿಂದೆಯೇ ಬಂದು ಆಸ್ಪತ್ರೆಯ ಅಂಗಳದಲ್ಲೇ ಅವನನ್ನು ತಡೆದು ನಿಲ್ಲಿಸಿದ. ಅತ್ತೆ ಒಳಗೆ ಸಾಯುತ್ತಿದ್ದಾರೆ ಅಂತ ಅಳಿಯ ಹೇಳುತ್ತಲೇ ಇದ್ದ, ಆಸ್ಪತ್ರೆಯವರೇ ಬಂದು ಹೇಳಿದರು. ಆದರೂ ಸುಮಾರು 13 ನಿಮಿಷ ಹಿಡಿದಿಟ್ಟುಕೊಂಡ. ಒಳಗೆ ಹೋಗುವಷ್ಟರಲ್ಲಿ ಅತ್ತೆಯ ಪ್ರಾಣ ಹೋಗಿತ್ತು. ಪೊಲೀಸ್ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು, ದಂಡದ ಚೀಟಿ ರದ್ದಾಯಿತು, ಅಧಿಕಾರಿ ಕೆಲಸ ಬಿಟ್ಟ. ಎಲ್ಲವೂ ಅವನ ಗಾಡಿಯ ಕ್ಯಾಮೆರಾದಲ್ಲೇ ದಾಖಲಾಗಿತ್ತು. ಇದನ್ನು ಹೇಳಿದಾಗ ಯಜಮಾನರು ಹುಲ್ಲು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, "ಗೇಟಿನೊಳಗೆ ಬಂದ್ಮೇಲೂ ನಂಬ್ಲಿಲ್ವಾ?" ಅಂದರು. ನಂಬಲಿಲ್ಲ. ಆಸ್ಪತ್ರೆಯ ಬೋರ್ಡು ಎದುರಿಗೇ ಇದ್ದರೂ ನಂಬಲಿಲ್ಲ.

ಈಗ ಮನುಷ್ಯರ ಜಾಗಕ್ಕೆ ಕ್ಯಾಮೆರಾ ಬರುತ್ತಿದೆ. ನನಗೆ ಅದು ಒಂದು ರೀತಿಯಲ್ಲಿ ಸಮಾಧಾನ. ಕ್ಯಾಮೆರಾ ಯಾರ ಹ್ಯಾಂಡಲ್ಲಿಗೂ ಕೈ ಹಾಕುವುದಿಲ್ಲ, ಯಾರ ಕೀಯನ್ನೂ ಕೀಳುವುದಿಲ್ಲ, ದಂಡ ಮೊಬೈಲಿಗೆ ಬರುತ್ತದೆ. ಆದರೆ ಅದು ಹಿಂದೆ ಕೂತವರ ಮುಖವನ್ನೂ ನೋಡುವುದಿಲ್ಲ. ಬೆಂಗಳೂರಿನಲ್ಲಿ ಆಂಬುಲೆನ್ಸಿಗೆ ದಾರಿ ಬಿಡಲೆಂದು ಕೆಂಪು ದೀಪದಲ್ಲಿ ಗೆರೆ ದಾಟಿದವರಿಗೂ ಕ್ಯಾಮೆರಾ ದಂಡ ಹಾಕಿಬಿಟ್ಟಿತು. ಅಂಥವರು ಬಂದು ಹೇಳಿದರೆ ಪರಿಶೀಲಿಸಿ ದಂಡ ಕೈಬಿಡುತ್ತೇವೆ ಎಂದು ಸಂಚಾರ ಪೊಲೀಸರು ಹೇಳಬೇಕಾಯಿತು. ಅದೇ ಬಾಗಿಲನ್ನು ಕಾಯಿಲೆಯವರನ್ನು ಕರೆದೊಯ್ದವರಿಗೂ ತೆರೆಯಲಿ ಎನ್ನುವುದು ನನ್ನ ಬೇಡಿಕೆ. ಬಾಕಿ ಉಳಿದ ದಂಡಕ್ಕೆ 2023ರ ಫೆಬ್ರವರಿಯಲ್ಲಿ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಕೆಲವೇ ದಿನಗಳಲ್ಲಿ ನೂರು ಕೋಟಿಗೂ ಹೆಚ್ಚು ವಸೂಲಾಯಿತು. ವರ್ಷಗಟ್ಟಲೆ ಕಟ್ಟದವರಿಗೆ ಅರ್ಧ ಬಿಡುವ ಮನಸ್ಸಿರುವ ಸರ್ಕಾರಕ್ಕೆ, ಆಸ್ಪತ್ರೆಯ ಚೀಟಿ ಹಿಡಿದು ಬಂದವರಿಗೆ ಪೂರ್ತಿ ಬಿಡುವುದು ಕಷ್ಟವಾಗಬಾರದು.

ಆಂಬುಲೆನ್ಸುಗಳಿಗೆ ಕಾನೂನಿನ ರಕ್ಷೆ ಚೆನ್ನಾಗಿಯೇ ಇದೆ. 2017ರ ವಾಹನ ಚಾಲನಾ ನಿಯಮಗಳಲ್ಲಿ ಅಗ್ನಿಶಾಮಕ ವಾಹನ, ಆಂಬುಲೆನ್ಸುಗಳಿಗೆ ಮೊದಲ ಹಕ್ಕು, ಕೆಂಪು ದೀಪವನ್ನೂ ಎಚ್ಚರದಿಂದ ದಾಟಬಹುದು. 2020ರ ಫೆಬ್ರವರಿಯಲ್ಲಿ ನಲವತ್ತು ದಿನದ ಹಸುಗೂಸನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ನಾಲ್ಕೂವರೆ ಗಂಟೆಯೊಳಗೆ ಮುಟ್ಟಿಸಿದ್ದು ನೆನಪಿರಬಹುದು. ದಾರಿಯುದ್ದಕ್ಕೂ ಪೊಲೀಸರು, ಊರೂರಿನ ಹುಡುಗರು ನಿಂತು ರಸ್ತೆ ಖಾಲಿ ಮಾಡಿಕೊಟ್ಟಿದ್ದರು. ಅವತ್ತು ಕರ್ನಾಟಕದ ಪೊಲೀಸರು ಮಾಡಿದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹಾಗಾದರೆ ಮನಸ್ಸು ಇದೆ, ಕೌಶಲ್ಯವೂ ಇದೆ. ಮೇಲೆ ದೀಪ ತಿರುಗದ, ಸೈರನ್ ಇಲ್ಲದ, ಹಾಲಿನ ಕ್ಯಾನು ನೇತುಹಾಕುವ ಕೊಕ್ಕೆಯಿರುವ ಬೈಕೂ ಆ ಹೊತ್ತಿಗೆ ಆಂಬುಲೆನ್ಸೇ ಅನ್ನುವುದನ್ನು ಒಪ್ಪಿಕೊಳ್ಳುವುದಷ್ಟೇ ಬಾಕಿ.

ಅಪಘಾತದಲ್ಲಿ ಗಾಯಗೊಂಡವರಿಗೆ ಮೊದಲ ಒಂದು ಗಂಟೆ ಎಷ್ಟು ಮುಖ್ಯ ಅನ್ನುವುದನ್ನು 2019ರ ತಿದ್ದುಪಡಿಯಲ್ಲಿ ಗೋಲ್ಡನ್ ಅವರ್ ಅಂತ ಹೆಸರಿಟ್ಟೇ ಕಾಯ್ದೆಯೊಳಗೆ ಸೇರಿಸಿದ್ದಾರೆ. ಗಾಯಾಳುವನ್ನು ಎತ್ತಿಕೊಂಡು ಹೋದವರಿಗೆ ಕಿರುಕುಳ ಕೊಡಬಾರದು ಅಂತ 134ಎ ಸೆಕ್ಷನ್ ಬಂದಿದೆ. ಇದಕ್ಕೆಂದೇ ಕಾಯ್ದೆ ತಂದ ಮೊದಲ ರಾಜ್ಯ ನಮ್ಮದು. ರಸ್ತೆಯಲ್ಲಿ ಬಿದ್ದ ಅಪರಿಚಿತರನ್ನು ಹೊತ್ತೊಯ್ದವರಿಗೆ ಇಷ್ಟು ಗೌರವ ಕೊಟ್ಟಿದ್ದೇವೆ, ಸ್ವಂತ ಮಗುವನ್ನು ಹೊತ್ತೊಯ್ಯುವ ತಾಯಿಗೆ ಅದರಲ್ಲಿ ಕಾಲು ಭಾಗವಾದರೂ ಬೇಡವೇ?

ಇಷ್ಟೆಲ್ಲ ಹೇಳಿದ ಮೇಲೆ ಬೈಕ್ ಓಡಿಸುವವರಿಗೂ ಒಂದು ಮಾತು ಹೇಳಿದೆ, ಇದನ್ನು ಯಜಮಾನರ ಮಗನಿಗೆ ಕೇಳುವ ಹಾಗೆ ಜೋರಾಗಿಯೇ ಹೇಳಿದೆ. ಕೈ ಅಡ್ಡ ಬಂದರೆ ದೂರದಿಂದಲೇ ವೇಗ ಇಳಿಸಿ, ಬಲವಂತವಾಗಿ ನುಗ್ಗಬೇಡಿ, ಸಂದಿಯಲ್ಲಿ ತಿರುಗಿಸಬೇಡಿ. ಹಿಂದೆ ಕೂತ ಹೆಂಗಸಿನ ಎರಡು ಕೈಯೂ ಮಗುವಿನ ಮೇಲಿರುತ್ತವೆ, ಅವಳಿಗೆ ಹಿಡಿದುಕೊಳ್ಳುವುದಕ್ಕೆ ಏನೂ ಇರುವುದಿಲ್ಲ. ಮೈಗೆ ಸೀರೆಯಿಂದಲೋ ಟವೆಲಿನಿಂದಲೋ ಮಗುವನ್ನು ಬಿಗಿಯಾಗಿ ಕಟ್ಟಿಕೊಳ್ಳಿ. ನಿಲ್ಲಿಸಿ ಹೇಳಿ. ಹೇಳಿದರೆ ಜೀಪಿನಲ್ಲೇ ಕರೆದುಕೊಂಡು ಹೋಗುವವರೂ ಇದ್ದಾರೆ, 112ಕ್ಕೆ ಹೇಳಿ ದಾರಿ ಮಾಡಿಸುವವರೂ ಇದ್ದಾರೆ. ಹೆಲ್ಮೆಟ್ಟನ್ನು ಮೊಳೆಯಿಂದ ತೆಗೆದು ಬೈಕಿನ ಕನ್ನಡಿಗೇ ಸಿಕ್ಕಿಸಿಡಿ, ಕೀ ಹುಡುಕುವ ಹೊತ್ತಲ್ಲಿ ಅದೂ ಕೈಗೆ ಸಿಗುತ್ತದೆ. ಆಸ್ಪತ್ರೆಗೆ ಹೊರಟ ಗಾಡಿಯೇ ಆಸ್ಪತ್ರೆಗೆ ಇನ್ನಿಬ್ಬರನ್ನು ಸೇರಿಸಬಾರದು.

2025ರ ಜುಲೈನಿಂದ ಪೊಲೀಸರು ಮನೆ ಮನೆಗೆ ಬರುವ ಕಾರ್ಯಕ್ರಮ ಶುರುವಾಗಿದೆಯಲ್ಲ, ಬೀಟಿನವರು ಬಾಗಿಲಿಗೇ ಬಂದು ನಿಮ್ಮ ಕಷ್ಟ ಏನು ಅಂತ ಕೇಳಬೇಕು ಅಂತ. ನಮ್ಮ ಬೀದಿಗೆ ಬಂದ ದಿನ ಕಾಫಿ ಕೊಟ್ಟು ಕೂರಿಸಿ ಮೂರು ವಿಷಯ ಕೇಳುವುದು ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಸಲೀಂ ಸಾಹೇಬರ ಸುತ್ತೋಲೆಯನ್ನು ನಿಮ್ಮ ಠಾಣೆಯಲ್ಲಿ ಓದಿ ಹೇಳಿದ್ದಾರಾ? ಆಸ್ಪತ್ರೆಗೆ ಹೊರಟವರನ್ನು ಬಿಟ್ಟುಕೊಟ್ಟಿದ್ದಕ್ಕೆ ನಿಮ್ಮ ಮೇಲಿನವರು ನಿಮ್ಮನ್ನು ಬೈಯುವುದಿಲ್ಲ ತಾನೆ? ಮತ್ತು ನಮ್ಮ ಸಾಸಲಿನಿಂದ ರಾತ್ರಿ ಹೊರಟರೆ, ಮೊದಲೇ ಫೋನು ಮಾಡಿ ಗಾಡಿ ನಂಬರು ಹೇಳಬಹುದಾದ ಒಂದು ನಂಬರು ಕೊಡುತ್ತೀರಾ? ಕೊಟ್ಟರೆ ಅದನ್ನು ಹಾಲಿನ ಡೇರಿಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸುವ ಖರ್ಚು ಯಜಮಾನರದು.